ಓದಿದ ಹೆಬ್ಬೆಟ್ಟುಗಳು

ಮಾರಿಕುಪ್ಪಂ ಬಿಟ್ಟ ಬೆಳಗಿನ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ಕೂರಲು ಜಾಗ ಇರುವುದಿಲ್ಲ. ನಿಲ್ಲಲೂ ಇರುವುದಿಲ್ಲ. ಹೆಬ್ಬೆರಳು ಆಡಿಸಲು ಮಾತ್ರ ಬೇಕಾದಷ್ಟು ಜಾಗ.

ಈಚೆಗೊಮ್ಮೆ ಪಕ್ಕದಲ್ಲಿ ನೇತಾಡುತ್ತಿದ್ದ ಪಾಸಿನ ಗೆಳೆಯ ಬೀಗಿದ. "ಗುರೂ, ನಾನು ಮೇಲ್ ನೋಡೋದೇ ಬಿಟ್ಟೆ. ಎಲ್ಲಾ ಎಐ ನೋಡ್ಕೊಳ್ಳುತ್ತೆ."

ಓದುವುದು ಅದೇ. ವಿಂಗಡಿಸುವುದು ಅದೇ. ಉತ್ತರ ಬರೆಯುವುದೂ ಅದೇ. "ಹಂಗಾದ್ರೆ ಸಂಬಳ?" ಅಂದೆ. ಅದು ಮಾತ್ರ ಅವನಿಗೇ ಅಂತೆ. ಸದ್ಯಕ್ಕೆ.

ನನ್ನ ಪೆಟ್ಟಿಗೆಯಲ್ಲಿ ಓದದ ಮೇಲ್‌ಗಳು ನಾಲ್ಕು ಸಾವಿರ. ಕೇಳದ ಸಾಲ ಕೊಡುತ್ತೇವೆ ಎನ್ನುವವರು. ಒಮ್ಮೆ ಚಪ್ಪಲಿ ಕೊಂಡದ್ದಕ್ಕೆ ಜನ್ಮವಿಡೀ ಹುಟ್ಟುಹಬ್ಬದ ಶುಭಾಶಯ ಹೇಳುವವರು. ನಾನೂ ಮಾಲೂರು ಬರುವ ಮೊದಲೇ ಆ ಸಹಾಯಕನನ್ನು ಕೆಲಸಕ್ಕೆ ಇಟ್ಟುಕೊಂಡೆ.

ನಾವು ಕೆಜಿಎಫ್‌ನವರು, ಕೋಲಾರದ ಚಿನ್ನದ ಗಣಿಯ ಊರಿನವರು. ಕಲ್ಲು ಒಡೆದು ಚಿನ್ನ ಹೆಕ್ಕುವ ಲೆಕ್ಕ ನಮಗೆ ಗೊತ್ತು. 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ನಷ್ಟ ಅಂದರು. 2001ರ ಫೆಬ್ರುವರಿ 28ರಂದು ಬೀಗ ಹಾಕಿದರು. ಸಾವಿರಾರು ಮನೆಗಳು ಈ ರೈಲು ಹತ್ತಿದವು.

ಇಮೇಲ್ ಎಂಬ ಗಣಿಯಲ್ಲಿ ಅಷ್ಟು ಚಿನ್ನವೂ ಇಲ್ಲ. ಇದನ್ನು ಮಾತ್ರ ಯಾರೂ ಮುಚ್ಚುವುದಿಲ್ಲ. ಅಗೆಯಲು ಇನ್ನೂ ದೊಡ್ಡ ಯಂತ್ರ ತರುತ್ತಾರೆ.

ಪೆಟ್ಟಿಗೆಗೆ ಈ ಮೇಲ್ ಕಸ ಸುರಿಯುವವರು ಯಾರು? ಅದೇ ಯಂತ್ರ. ಆ ತುದಿಯಲ್ಲಿ ಸಾಹೇಬರು ಮೂರು ಸಾಲು ಒತ್ತುತ್ತಾರೆ. ಯಂತ್ರ ಅದನ್ನು ಮೂರು ಪುಟ ಮಾಡುತ್ತದೆ, ಕ್ಷೇಮಸಮಾಚಾರ ಸೇರಿಸಿ. ಈ ತುದಿಯಲ್ಲಿ ನನ್ನ ಯಂತ್ರ ಮೂರು ಪುಟವನ್ನು ಮೂರು ಸಾಲಿಗೆ ಇಳಿಸುತ್ತದೆ. ಹಿಟ್ಟು ತೊಳಸಿ ಮುದ್ದೆ ಕಟ್ಟಿ, ಮುದ್ದೆ ಒಣಗಿಸಿ ಮತ್ತೆ ಹಿಟ್ಟು ಬೀಸಿದ ಹಾಗೆ. ಹೊಟ್ಟೆ ಯಾರದ್ದೂ ತುಂಬಲಿಲ್ಲ. ಗಿರಣಿಯವನಿಗೆ ಎರಡೂ ಕಡೆ ಕಾಸು.

ಇರಲಿ, ವಿಂಗಡಣೆಯಾದರೂ ಸರಿಯಾಯಿತೇ? ಚಪ್ಪಲಿ ಅಂಗಡಿಯ 'ಇಂದೇ ಕೊನೆಯ ದಿನ' ಎಂಬುದು 'ತುರ್ತು' ಕಟ್ಟಿಗೆ ಹೋಯಿತು. ಅಮ್ಮನ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಿ ಎಂದು ಕಚೇರಿಯೊಂದರಿಂದ ಬಂದ ಪತ್ರ 'ನಿಧಾನವಾಗಿ ನೋಡಬಹುದು' ಕಟ್ಟಿಗೆ ಹೋಯಿತು. ಅಂಗಡಿಯವನು ಕಿರುಚಿದ್ದ. ಕಚೇರಿ ಮೆಲ್ಲಗೆ ಹೇಳಿತ್ತು. ಯಂತ್ರಕ್ಕೂ ನಮ್ಮ ಹಾಗೆಯೇ, ಕಿರುಚಿದವನೇ ದೊಡ್ಡವನು.

ಗಡುವು ಮುಗಿಯಿತು. ಪಿಂಚಣಿ ನಿಂತಿತು. ಅಮ್ಮ ಕೇಳಿದಳು: "ಏನಪ್ಪಾ, ನಾನು ಬದುಕಿರೋದು ಅರ್ಜೆಂಟ್ ಅಲ್ಲವಾ?"

ಯಂತ್ರವನ್ನು ತರಾಟೆಗೆ ತೆಗೆದುಕೊಂಡೆ. "ನೀವು ಹೇಳಿದ್ದು ಸರಿ, ಕ್ಷಮಿಸಿ" ಎಂದಿತು. ಎಂಥ ವಿನಯ! ನಮ್ಮ ಕಚೇರಿಗಳು ಕೆಲಸವನ್ನೂ ಮಾಡುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಇದು ಅರ್ಧ ಸುಧಾರಣೆ.

ಹಳೆಯ ಸ್ಪ್ಯಾಮ್ ಜರಡಿಗಳಿಗೆ ಇಷ್ಟು ಅಧಿಕಾರ ಇರಲಿಲ್ಲ. ಯಾವ ಪದ ಎಷ್ಟು ಸಲ ಬಂತು, ಕಳಿಸಿದವನ ಹೆಸರು ಕೆಟ್ಟಿದೆಯೇ ಎಂದು ಲೆಕ್ಕ ಹಾಕಿ ಬದಿಗೆ ತಳ್ಳುತ್ತಿದ್ದವು. ಅಷ್ಟೇ. ಹೊಸ ಆಳು ಓದುತ್ತಾನೆ, ಹೇಳಿದ್ದು ಮಾಡುತ್ತಾನೆ. ತೊಂದರೆ ಇರುವುದು ಅಲ್ಲೇ. ಹೇಳಿದ್ದು ಯಾರು ಎಂಬುದು ಅವನಿಗೆ ಸರಿಯಾಗಿ ತಿಳಿಯುವುದಿಲ್ಲ. ಯಜಮಾನನ ಮಾತೂ ಅಕ್ಷರ, ಕಳ್ಳ ಕಳಿಸಿದ ಚೀಟಿಯೂ ಅಕ್ಷರ.

ಇದು ನನ್ನ ಕಲ್ಪನೆಯಲ್ಲ. 2025ರಲ್ಲಿ ಮೈಕ್ರೋಸಾಫ್ಟ್‌ನ ಕೋಪೈಲಟ್ ಎಂಬ ಎಐ ಸಹಾಯಕನಲ್ಲಿ ಸಂಶೋಧಕರು ಇಂಥದ್ದೇ ತೂತು ತೋರಿಸಿದರು. 'ಎಕೋಲೀಕ್' ಎಂದು ಹೆಸರಿಟ್ಟರು. ಒಂದು ಮೇಲ್‌ನಲ್ಲಿ ಗುಟ್ಟಾಗಿ ಅಪ್ಪಣೆ ಬರೆದು ಕಳಿಸಿದರೆ ಸಾಕು, ಸಹಾಯಕ ಒಳಗಿನ ಮಾಹಿತಿಯನ್ನು ಹೊರಗೆ ದಾಟಿಸುವ ಸಾಧ್ಯತೆ ಇತ್ತು. ಯಜಮಾನ ಏನನ್ನೂ ಒತ್ತಬೇಕಾಗಿರಲಿಲ್ಲ. ಕಂಪನಿ ಆ ತೂತಿಗೆ ತೇಪೆ ಹಾಕಿತು. ಗೋಣಿಚೀಲಕ್ಕೆ ತೇಪೆ ಹಾಕಿದ ಮೇಲೂ ನಾವು ಅಕ್ಕಿ ತುಂಬುವ ಮೊದಲು ಒಮ್ಮೆ ಒದರಿ ನೋಡುತ್ತೇವೆ. ಇಲ್ಲಿ ನೋಡುವವರು ಯಾರು?

ಇಷ್ಟಕ್ಕೂ ಕೆಲಸಕ್ಕೆ ಇಟ್ಟುಕೊಳ್ಳುವಾಗ ಅವನು ಕೇಳಿದ್ದೇನು? ನಿಮ್ಮ ಎಲ್ಲ ಮೇಲ್ ಓದುತ್ತೇನೆ, ಬರೆಯುತ್ತೇನೆ, ಕಳಿಸುತ್ತೇನೆ, ಶಾಶ್ವತವಾಗಿ ಅಳಿಸುತ್ತೇನೆ. ಒಪ್ಪಿಗೆಯೇ? ಒಪ್ಪಿಗೆ. ಒತ್ತಿದೆ. ಕೆಳಗಿದ್ದ ಷರತ್ತುಗಳು ಬಂಗಾರಪೇಟೆ ಪಾನಿಪುರಿಯ ನೀರಿನ ಹಾಗೆ. ನೋಡಲು ತಿಳಿಯಾಗಿರುತ್ತವೆ. ಖಾರ ಗೊತ್ತಾಗುವುದು ನುಂಗಿದ ಮೇಲೆ.

ನಮ್ಮ ಜನ ಹೆಂಡತಿ ಫೋನ್ ಮುಟ್ಟಿದರೆ ಮನೆ ಹಾರಿಹೋಗುವಂತೆ ಕೂಗುತ್ತಾರೆ. ಜನಗಣತಿಯವರು ಬಂದರೆ ಬಾಗಿಲ ಸಂದಿಯಿಂದ ಉತ್ತರಿಸುತ್ತಾರೆ. ಅದೇ ಜನ ಆಧಾರ್ ಪ್ರತಿ, ಬ್ಯಾಂಕಿನ ಲೆಕ್ಕ, ಅಮ್ಮನ ರಕ್ತಪರೀಕ್ಷೆಯ ವರದಿ ಇರುವ ಪೆಟ್ಟಿಗೆಯ ಕೀಲಿಯನ್ನು ಗುರುತಿಲ್ಲದವನ ಕೈಗೆ ಹಾಕಿ, 'ಟೈಮ್ ಉಳಿಯಿತು' ಎನ್ನುತ್ತಾರೆ. ಉಳಿದ ಟೈಮಿನಲ್ಲಿ ರೀಲ್ಸ್ ನೋಡುತ್ತಾರೆ.

ನನಗೆ ಪತ್ರ ಬರೆದವರ ಕಥೆ? ಅವರು ಬರೆದದ್ದು ನನಗೆ. ಯಂತ್ರಕ್ಕಲ್ಲ. ಅವರ ಪರವಾಗಿಯೂ ನಾನೇ ಒತ್ತಿದ್ದೆ.

ಸಮ್ಮತಿ ಎಂದರೆ ಸ್ವಂತ ಇಚ್ಛೆಯಿಂದ, ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮೂರೂ ಒಳ್ಳೆಯ ಮಾತು. ನಾನು ಸಮ್ಮತಿ ಕೊಟ್ಟದ್ದು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಬ್ಬರ ಬೆನ್ನಿನ ಚೀಲಕ್ಕೆ ಮೂಗು ಒತ್ತಿಕೊಂಡು.

ನಾಚಿಕೆಯಾಗಲು ಕಾರಣ ಬೇರೆ ಇದೆ. 1930ರಲ್ಲಿ ಇದೇ ಚಿನ್ನದ ಗಣಿಯ ಕಾರ್ಮಿಕರು 21 ದಿನ ಮುಷ್ಕರ ಹೂಡಿದರು. ಕಂಪನಿ ಅವರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಿತ್ತು. ಅವರು ಕೊಡುವುದಿಲ್ಲ ಅಂದರು. ಬಹುತೇಕರಿಗೆ ಅಕ್ಷರ ಬಾರದು. ಊರಿನ ಭಾಷೆಯಲ್ಲಿ ಹೆಬ್ಬೆಟ್ಟುಗಳು. ಆದರೆ ಆ ಹೆಬ್ಬೆಟ್ಟಿನ ಬೆಲೆ ಅವರಿಗೆ ಗೊತ್ತಿತ್ತು. ಒಮ್ಮೆ ಒತ್ತಿದರೆ ಹಿಂದಕ್ಕೆ ಬರುವುದಿಲ್ಲ ಎಂದೂ ಗೊತ್ತಿತ್ತು. ಹೊಟ್ಟೆಗಿಲ್ಲದೆ 21 ದಿನ ಕೂತರು.

ನಾವು ಅವರ ಮೊಮ್ಮಕ್ಕಳು. ಡಿಗ್ರಿ ಇದೆ. ಇಂಗ್ಲಿಷ್ ಬರುತ್ತದೆ. ಓದದೆ ಒತ್ತುತ್ತೇವೆ. ಈಗ ಹೇಳಿ, ಹೆಬ್ಬೆಟ್ಟು ಯಾರು?

ನಿನ್ನೆ ಆ ಸಹಾಯಕನಿಗೆ ಕೊಟ್ಟಿದ್ದ ಅನುಮತಿ ಕಿತ್ತುಹಾಕಿದೆ. ಕೊಡಲು ಒಂದು ಸಲ ಒತ್ತಿದರೆ ಸಾಕಾಗಿತ್ತು. ಕೀಳಲು ಸೆಟ್ಟಿಂಗ್ಸ್ ಒಳಗೆ ಗಣಿ ಇಳಿದಷ್ಟು ಇಳಿಯಬೇಕಾಯಿತು. ಆಮೇಲೆ ನಾಲ್ಕು ಸಾವಿರ ಮೇಲ್‌ಗಳನ್ನು ನಾನೇ ನೋಡತೊಡಗಿದೆ. ಚಪ್ಪಲಿಯವರು, ಸಾಲದವರು, ಶುಭಾಶಯದವರು, ಒಬ್ಬೊಬ್ಬರ ಹೆಸರು ಹುಡುಕಿ ಸಾರಾಸಗಟಾಗಿ ಅಳಿಸಿದೆ. ಪತ್ರದ ಬುಡದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಬಚ್ಚಿಟ್ಟ 'ಇನ್ನು ಕಳಿಸಬೇಡಿ' ಗುಂಡಿಯನ್ನೂ ಒತ್ತಿದೆ.

ಕೊನೆಗೆ ಓದಲೇಬೇಕಾದ ಪತ್ರ ಉಳಿದದ್ದು ಹನ್ನೊಂದು. ಬಂಗಾರಪೇಟೆಯಲ್ಲಿ ಶುರು ಮಾಡಿದ್ದೆ. ವೈಟ್‌ಫೀಲ್ಡ್ ಬರುವಷ್ಟರಲ್ಲಿ ಮುಗಿದಿತ್ತು.