‘ಸ’ ಇಲ್ಲದ ಬಸಳೆ

ಲೋಕದಲ್ಲಿ ಈಗ ಯಾರಿಗೂ ಸರಿಯಾಗಿ ಮಾತಾಡಲು ಬರುವುದಿಲ್ಲ ಎಂಬುದು ನಮ್ಮ ತಾಂಡೇಲರ ಖಚಿತ ಅಭಿಪ್ರಾಯ. ಮೊಮ್ಮಕ್ಕಳು ಬಾಯೊಳಗೇ ಗೊಣಗುತ್ತಾರೆ. ಸೊಸೆ ಅರ್ಧ ಮಾತು ನುಂಗುತ್ತಾಳೆ. ಬ್ಯಾಂಕಿನ ಹುಡುಗಿ ಗಾಜಿನ ಹಿಂದೆ ಬರೀ ತುಟಿ ಅಲ್ಲಾಡಿಸುತ್ತಾಳೆ. ಕಿವಿಯ ಸುದ್ದಿ ಎತ್ತಿದಿರೋ, “ನನ್ನ ಕಿವಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ನೀವು ಸ್ವಲ್ಪ ಬಾಯಿ ಬಿಟ್ಟು ಮಾತಾಡಿ” ಎಂಬ ಉತ್ತರ ಸಿದ್ಧ. ಆ ಉತ್ತರ ನದಿಯ ಆಚೆ ದಡದ ಬಂದರಿಗೂ ಮುಟ್ಟುತ್ತದೆ.

ಅವರ ಹೆಸರು ಹೇಳುವುದಿಲ್ಲ. ಇಂಥವರು ತೋಟಬೆಂಗ್ರೆಯಲ್ಲೂ ಉಂಟು, ಕಸಬಾ ಬೆಂಗ್ರೆಯಲ್ಲೂ ಉಂಟು. ನಿಮ್ಮ ಮನೆಯ ಜಗಲಿಯಲ್ಲಿ ಒಬ್ಬರು ಕೂತಿದ್ದರೆ ಈ ಲೇಖನವನ್ನು ಗಟ್ಟಿಯಾಗಿ ಓದಿ.

ಮಂಗಳೂರಿನ ಬೆಂಗ್ರೆ ಎಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಒಂದು ಪಟ್ಟಿ ಮರಳು. ಎದುರಿಗೇ ಕಾಣುವ ಹಳೇ ಬಂದರಿಗೆ ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು ಸುತ್ತಬೇಕು. ಆದ್ದರಿಂದ ಎಲ್ಲರಿಗೂ ಫೆರಿ ಬೋಟೇ ಗತಿ. ತಾಂಡೇಲರಿಗೆ ಆ ಬೋಟೆಂದರೆ ಪಂಚಪ್ರಾಣ. “ಜನ ಸರಿಯಾಗಿ ಮಾತಾಡುವುದು ಇಲ್ಲಿ ಮಾತ್ರ” ಎನ್ನುತ್ತಾರೆ. ನಿಜವೇ. ಎಂಜಿನ್ನಿನ ಎದುರು ಎಲ್ಲರೂ ಕಿವುಡರು, ಎಲ್ಲರೂ ಕಿರುಚುವವರು. ಅಲ್ಲಿ ಅವರು ಹತ್ತರಲ್ಲಿ ಹನ್ನೊಂದನೆಯವರು.

ಕಿವಿ ಹೋದದ್ದೂ ಎಂಜಿನ್ನಿನಿಂದಲೇ. ಮೂವತ್ತು ವರ್ಷ ತಾಂಡೇಲರಾಗಿ ಟ್ರಾಲ್ ಬೋಟಿನ ಚುಕ್ಕಾಣಿ ಹಿಡಿದವರು. ಕಾಲ ಕೆಳಗೆ ಡೀಸೆಲ್ ಎಂಜಿನ್, ಒಂದು ಸಲ ಹೊರಟರೆ ಎಂಟು ಹತ್ತು ದಿನ ಹಗಲೂ ರಾತ್ರಿ ಅದೇ ಸದ್ದು. ನಿದ್ದೆಯೂ ಅದರ ಮೇಲೆಯೇ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು, ಅದರ ಮೇಲೆ ಮೂರು ಮೂರು ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧರ್ಧ ಆಗಬೇಕು ಎಂಬುದು ತಜ್ಞರ ಲೆಕ್ಕ. ಕಡಲಲ್ಲಿ ಈ ಲೆಕ್ಕ ಇಟ್ಟವರು ಯಾರು? ಅಲ್ಲಿ ಇಡುವುದು ಮೀನಿನ ಲೆಕ್ಕ, ಡೀಸೆಲಿನ ಲೆಕ್ಕ.

ಬಸಳೆಯ ಪ್ರಕರಣ ನಡೆಯದಿದ್ದರೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಅಂದು ಮನೆಗೆ ಮರುವಾಯಿ ಚಿಪ್ಪು ಬಂದಿತ್ತು. ಬಂದರಿಗೆ ಹೊರಟವರಿಗೆ ಸೊಸೆ ಅಡುಗೆಮನೆಯಿಂದಲೇ, “ಮಾವ, ಬರುವಾಗ ಬಸಳೆ ತನ್ನಿ” ಎಂದಳು. ಮಾವ ತಲೆಯಾಡಿಸಿ ಹೋದರು. ಮಧ್ಯಾಹ್ನ ಒಂದು ಡಜನ್ ಗಾಜಿನ ಬಳೆ ತಂದು ಕೊಟ್ಟರು. ಬಣ್ಣ ಮಾತ್ರ ಸರಿಯಾಗಿತ್ತು: ಅಚ್ಚ ಹಸಿರು. “ಯಾವತ್ತೂ ಏನೂ ಕೇಳದವಳು ಬಾಯಿ ಬಿಟ್ಟು ಕೇಳಿದ್ದಾಳೆ, ಒಳ್ಳೆಯದೇ ತಂದೆ” ಎಂದರು. ಸೊಸೆ ಮಾತಾಡದೆ ಬಳೆ ತೊಟ್ಟುಕೊಂಡಳು. ಬಸಳೆ ಇಲ್ಲದ ಮರುವಾಯಿಯನ್ನು ಎಲ್ಲರೂ ಮಾತಾಡದೆ ಉಂಡರು.

ಕಾಯಿಸಿದ ಎಣ್ಣೆ, ಬೆಂಕಿಕಡ್ಡಿ, ಸೇಫ್ಟಿ ಪಿನ್ನು ಮುಂತಾದ ಮನೆಮದ್ದೆಲ್ಲ ಅಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಮೊದಲು ತೆಗೆದದ್ದೇ ಗುಗ್ಗೆ. ಕಡ್ಡಿ ಹಾಕಿದವರು ಅದನ್ನು ಒಳಗೆ ತಳ್ಳಿ ಬೀಗ ಜಡಿದಿದ್ದರು. ಗುಗ್ಗೆ ಹೋದ ಮೇಲೂ ಲೋಕದವರು ಮಾತು ಕಲಿಯದ ಕಾರಣ, ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಮ್ ತೆಗೆದರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. ಕೇಳ್ಮೆ ಕುಗ್ಗಿದಷ್ಟೂ ಗೆರೆ ಕೆಳಕ್ಕೆ. ತಾಂಡೇಲರು ಅದನ್ನು ಫಿಶ್ ಫೈಂಡರ್ ನೋಡಿದ ಹಾಗೆ ನೋಡಿ, 4000 ಹರ್ಟ್ಸ್‌ನ ಹತ್ತಿರ ಬೆರಳಿಟ್ಟು, “ಇಲ್ಲಿ ಎಪ್ಪತ್ತು ಮಾರು ಆಳ ಉಂಟು” ಎಂದರು. ಸರಿಯಾಗಿಯೇ ಹೇಳಿದ್ದರು. ಎಂಜಿನ್ನಿನ ಸದ್ದು ಮೊದಲು ಕೊರೆಯುವುದು ಆ ಜಾಗವನ್ನೇ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15,000 ಕೂದಲುಕೋಶಗಳು. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಸ, ಶ, ಫದಂಥ ತೆಳು ಸದ್ದುಗಳು ಇರುವುದು ಆ ಮೇಲಿನ ಪಟ್ಟಿಯಲ್ಲಿ. ಬ, ಮ, ಸ್ವರಗಳು ಕೆಳಗೆ. ಬಲೆ ತೂತಾದರೆ ದೊಡ್ಡ ಮೀನು ಉಳಿದು ಸಣ್ಣದು ಜಾರುತ್ತದಲ್ಲ, ಹಾಗೆ. ಬಸಳೆಯಿಂದ ‘ಸ’ ಜಾರಿದರೆ ಉಳಿಯುವುದು ಬಳೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಉಂಟು. ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು, ಜೊತೆಗೆ ನಾನೂ. ಹಳೆಯ ದೋಸ್ತಿ ಗೇಟಿನಲ್ಲಿ ನಿಂತು ದಪ್ಪ ಸ್ವರದಲ್ಲಿ “ಚಾ ಕುಡಿಯುವನಾ?” ಎಂದರೆ ಥಟ್ಟನೆ ಎದ್ದು ನಿಲ್ಲುವವರಿಗೆ ಸೊಸೆ ಪಕ್ಕದಲ್ಲೇ ಹೇಳಿದ ಕರೆಂಟ್ ಬಿಲ್ಲು ಮುಟ್ಟುತ್ತಿರಲಿಲ್ಲ. ಆ ಗೆರೆ ಅವರನ್ನು ನಿರ್ದೋಷಿ ಎಂದಿತು. ಗಂಡಸರ ದಪ್ಪ ಸ್ವರ ತಗ್ಗಿನಲ್ಲಿ, ಹೆಂಗಸರ ಮಕ್ಕಳ ಸ್ವರ ಎತ್ತರದಲ್ಲಿ. ಕಿರುಚಿದರೂ ಫಲವಿಲ್ಲ, ಸ್ವರ ದೊಡ್ಡದಾಗುತ್ತದೆಯೇ ಹೊರತು ‘ಸ’ ಬರುವುದಿಲ್ಲ. ಎದುರಿಗೆ ನಿಂತು ನಿಧಾನವಾಗಿ ಹೇಳಬೇಕಂತೆ. ನಾನು ಅಲ್ಲೇ ಕ್ಷಮೆ ಕೇಳಿದೆ. ಅವರಿಗೆ ಕೇಳಿಸಲಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಮಂಗಳೂರಿನಲ್ಲೇ ಈ ವಿದ್ಯೆ ಕಲಿಸುವ ಕಾಲೇಜುಗಳಿವೆ. ಆದರೂ ಕಿವಿಗೆ ಮೆಷಿನ್ ಎಂದಾಗ ತಾಂಡೇಲರದು ಒಂದೇ ಆಕ್ಷೇಪ: “ಜನಕ್ಕೆ ಗೊತ್ತಾಗ್ತದೆ.” ಸುಲ್ತಾನ್ ಬತ್ತೇರಿಯವರೆಗೆ ಗೊತ್ತಿದ್ದ ಗುಟ್ಟು! ಕಡೆಗೆ ಹಾಕಿಸಿಕೊಂಡರು, ಮರುದಿನ ತೆಗೆದಿಟ್ಟರು. ಪ್ಲಾಸ್ಟಿಕ್ ಚೀಲದ ಚರಪರ, ಫ್ಯಾನಿನ ಕಿರಿಕಿರಿ, ಪಾತ್ರೆಯ ಸದ್ದು ಎಲ್ಲ ಒಟ್ಟಿಗೆ ನುಗ್ಗಿತ್ತು. “ನಮ್ಮ ಮನೆಯಲ್ಲಿ ಇಷ್ಟು ಗಲಾಟೆ ಉಂಟಾ?” ಮರೆತ ಸದ್ದುಗಳನ್ನು ಮಿದುಳು ಮತ್ತೆ ಪರಿಚಯ ಮಾಡಿಕೊಳ್ಳಲು ಕೆಲವು ವಾರ ಬೇಕು ಎಂದು ಹೇಳಿ ಮತ್ತೆ ಹಾಕಿಸಿದ್ದಾಯಿತು. ಈಗ ರಾತ್ರಿ ಮೆಷಿನ್ ಮಲಗುವುದು ಸಿಲಿಕಾ ಜೆಲ್ ಡಬ್ಬಿಯಲ್ಲಿ. ಬೆಂಗ್ರೆಯ ಉಪ್ಪುಗಾಳಿಗೆ ಕಬ್ಬಿಣವೇ ತಡೆಯುವುದಿಲ್ಲ, ಇದು ಯಾವ ಲೆಕ್ಕ?

ಬೋಟಿನಲ್ಲಿ ಈಗಲೂ ದುಡಿಯುವವರಿಗೆ ಒಂದು ಮಾತು. ಕಿವಿ ಪರೀಕ್ಷೆಗೆ ಮೊದಲು 14–16 ಗಂಟೆ ದೊಡ್ಡ ಸದ್ದಿನಿಂದ ದೂರ ಇರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಬೋಟು ಹೇಗೂ ಕಟ್ಟಿಯೇ ಇರುತ್ತದೆ. ಎಂಜಿನ್ ಬಿಚ್ಚಿ ನೋಡಿಸುವ ಆ 61 ದಿನಗಳಲ್ಲಿ ಒಂದು ಬೆಳಗ್ಗೆ ಫೆರಿ ದಾಟಿ ಕಿವಿಯನ್ನೂ ತೋರಿಸಿ ಬನ್ನಿ. ಬರುವಾಗ ಬಸಳೆ ತನ್ನಿ.