ಹೋರಿ, ಹುಲ್ಲೆ, ನವಿಲು, ಮನುಷ್ಯ: ಕುಲಗಳ ತೂಕ ಸರಿಮಾಡುವ ಕೈಪಿಡಿ

ಮೊದಲು ಓದಿ, ಆಮೇಲೆ ದಾಳ ಉರುಳಿಸಿ

ಹಾವೇರಿ ಸೀಮೆಯಲ್ಲಿ ಮೇಜಿನ ಸುತ್ತ ಕೂತು, ಪಾತ್ರ ಕಟ್ಟಿಕೊಂಡು ಆಡುವ ಕಲ್ಪನಾಲೋಕದ ಆಟ ನಡೆಸಹೊರಟವರಿಗಾಗಿ ಈ ಕೈಪಿಡಿ. ಈ ಬಗೆಯ ಆಟಗಳ ಮೂಲಪುರುಷ ಡಂಜನ್ಸ್ ಅಂಡ್ ಡ್ರಾಗನ್ಸ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಅದನ್ನು ಮಾರಾಟಕ್ಕೆ ಬಿಟ್ಟದ್ದು 1974ರಲ್ಲಿ. ರಾಣೇಬೆನ್ನೂರಿನ ಕೃಷ್ಣಮೃಗಗಳಿಗೆ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಣೆಯಾದದ್ದೂ ಅದೇ ವರ್ಷ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಮುಂದೆ ಕೃಷ್ಣಮೃಗದ ಪಾತ್ರ ಬರುವುದರಿಂದ ಹೇಳಿಟ್ಟೆ.

ಆ ಆಟದಲ್ಲಿ ಕತೆ ನಡೆಸುವವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ನಮ್ಮ ದೊಡ್ಡಾಟಕ್ಕೆ ಮೊದಲಿನಿಂದಲೂ ಮಾಸ್ತರ ಇದ್ದಾನೆ. ಇಲ್ಲೂ ಅವನೇ ಸಾಕು. ಯಾರಿಗೆ ರಾಜ, ಯಾರಿಗೆ ರಾಕ್ಷಸ, ಯಾರಿಗೆ ಸಾರಥಿ ಎಂದು ಪಾತ್ರ ಹಂಚಿ, ಯಾರೂ ಮುನಿಸಿಕೊಂಡು ಮನೆಗೆ ಹೋಗದಂತೆ ನೋಡಿಕೊಳ್ಳುವ ಕಸುಬು ಅವನದು. ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಒಂದು ಕುಲವಿರುತ್ತದೆ: ಹೋರಿ, ಹುಲ್ಲೆ, ನವಿಲು, ಗಂಧರ್ವ, ಮನುಷ್ಯ. ಮುಂದಿನದೆಲ್ಲ ಆ ಕುಲಗಳನ್ನು ಸರಿತೂಗಿಸುವ ಕಸುಬಿನ ವಿವರ.

ಬೇಕಾಗುವ ಸಾಮಾನು

ಇಪ್ಪತ್ತು ಮುಖದ ದಾಳ, ಸೀಸದ ಕಡ್ಡಿ, ಅಳಿಸುವ ರಬ್ಬರು, ಒಂದು ಬುಟ್ಟಿ ಗಿರ್ಮಿಟ್. ರಬ್ಬರು ದೊಡ್ಡದಿರಲಿ.

ಹಂತ 1: ಅಂಕಕ್ಕೆ ಹೆದರಬೇಡಿ, ರೆಕ್ಕೆಗೆ ಹೆದರಿ

ಹೊಸ ಮಾಸ್ತರರು ಮೊದಲು ಬಿಡಿಸುವ ಜಗಳ ಅಂಕಗಳದ್ದು. ಹೋರಿಕುಲಕ್ಕೆ ಬಲದಲ್ಲಿ ಒಂದು ಅಂಕ ಹೆಚ್ಚಾಯಿತೆಂದು ಇಡೀ ಸಂಜೆ ವಾದ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕವೆಂದರೆ ಗೆಲ್ಲುವ ಸಾಧ್ಯತೆಯಲ್ಲಿ ನೂರಕ್ಕೆ ಐದು. ಆಟಗಾರ ಒಂದು ಸಂಜೆಗೆ ಹತ್ತು ಸಲ ದಾಳ ಹಾಕಿದರೆ ಆ ಅಂಕದಿಂದ ಫಲ ಬದಲಾಗುವುದು ಸರಾಸರಿ ಎರಡು ಸಂಜೆಗೆ ಒಮ್ಮೆ. ಅಷ್ಟಕ್ಕೆ ಗಿರ್ಮಿಟ್ ಮೆತ್ತಗಾಗಲು ಬಿಡಬೇಡಿ.

ಆದರೆ ರೆಕ್ಕೆಗೆ ಅಂಕದ ಲೆಕ್ಕ ಹತ್ತುವುದಿಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಆರಾಕೋಕ್ರಾ ಎಂಬ ಹಕ್ಕಿಕುಲವಿದೆ, ಮೊದಲ ದಿನದಿಂದಲೇ ಹಾರುತ್ತದೆ. ನೀವು ತಿಂಗಳುಗಟ್ಟಲೆ ಕೂತು ಕಟ್ಟಿದ ಕಂದಕ, ಹೊಳೆ, ಹಾವಿನ ಗುಂಡಿ, ಕೋಟೆ ಬಾಗಿಲಿನ ಒಗಟು ಎಲ್ಲದರ ಮೇಲೂ ಅದು ಸುಮ್ಮನೆ ಹಾರಿ ದಾಟುತ್ತದೆ. ಉಳಿದ ನಾಲ್ವರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾರೆ. ರೆಕ್ಕೆ ಕೊಡಲೇಬೇಕೆಂದಿದ್ದರೆ ಬಂಕಾಪುರಕ್ಕೆ ಹೋಗಿ ಬನ್ನಿ. ಅಲ್ಲಿನ ಕೋಟೆಯೊಳಗೆ ನವಿಲುಧಾಮವಿದೆ. ನವಿಲು ಗೋಡೆಯ ಮೇಲಕ್ಕೆ ಹಾರುತ್ತದೆ, ಮರದ ಕೊಂಬೆಗೆ ಹಾರುತ್ತದೆ, ಅಲ್ಲಿಗೆ ಅದರ ಪ್ರಯಾಣ ಮುಗಿಯಿತು. ನವಿಲುಕುಲಕ್ಕೆ ಇಷ್ಟೇ ಹಾರಾಟ ಕೊಡಿ. ಬಾಲದ ಭಾರಕ್ಕೆ ಬೇರೆ ಅಂಕ ಕಳೆಯಬೇಕಿಲ್ಲ. ಅಡಗಿ ಕೂರುವ ಸಂದರ್ಭ ಬಂದಾಗ ಅದು ತಾನಾಗಿ ಕಳೆದುಕೊಳ್ಳುತ್ತದೆ.

ಹಂತ 2: ದಂಡವನ್ನು ಮುಂದೂಡಬೇಡಿ

ಕುಲಗಳನ್ನು ಸರಿತೂಗಿಸಲು ಡಂಜನ್ಸ್ ಅಂಡ್ ಡ್ರಾಗನ್ಸ್‌ನ 1974ರ ಪುಸ್ತಕ ಕಂಡುಕೊಂಡ ಉಪಾಯ ಹೀಗಿತ್ತು. ಮನುಷ್ಯರಲ್ಲದ ಡ್ವಾರ್ಫ್, ಹಾಬಿಟ್, ಎಲ್ಫ್ ಕುಲಗಳಿಗೆ ಕೆಲವು ವಿಶೇಷ ಶಕ್ತಿಗಳು. ಬದಲಿಗೆ ಮೇಲೇರಲು ಮಿತಿ. ಡ್ವಾರ್ಫ್ ಯೋಧ ಆರನೆಯ ಮಟ್ಟದಲ್ಲಿ ನಿಲ್ಲಬೇಕು, ಹಾಬಿಟ್ ನಾಲ್ಕರಲ್ಲೇ. ಎಲ್ಫ್ ಕತ್ತಿ ಹಿಡಿದರೆ ನಾಲ್ಕು, ಮಂತ್ರ ಹಿಡಿದರೆ ಎಂಟು. ಮನುಷ್ಯನಿಗೆ ಮಾತ್ರ ಮಿತಿಯಿಲ್ಲ. ಕಾಗದದ ಮೇಲೆ ತಕ್ಕಡಿ ಸಮ. ಆದರೆ ಆಟಗಳು ಅಷ್ಟು ದಿನ ನಡೆಯುವುದೇ ಅಪರೂಪ. ಒಬ್ಬನಿಗೆ ಮದುವೆ ಗೊತ್ತಾಗುತ್ತದೆ, ಇನ್ನೊಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಮೊದಲ ಕಂತು ಕಟ್ಟುವ ದಿನ ಬರುವುದರೊಳಗೆ ಸಾಲ ಕೊಟ್ಟವನೇ ಊರು ಬಿಟ್ಟ ಹಾಗೆ, ಡ್ವಾರ್ಫ್ ಲಾಭ ಉಂಡು ಎದ್ದಿರುತ್ತಾನೆ. ಅಪ್ಪಿತಪ್ಪಿ ಆಟ ಮೂರು ವರ್ಷ ನಡೆದರೆ ಪಾಪ, ಅವನ ಗತಿ ಕೇಳುವವರಿಲ್ಲ. 2000ದ ಮೂರನೆಯ ಆವೃತ್ತಿ ಈ ಮಿತಿಗಳನ್ನು ಕಿತ್ತುಹಾಕಿತು. ಒಳ್ಳೆಯದಾಯಿತು.

ಹಂತ 3: ಕೊರತೆಯನ್ನು ಕೊರಳಿಗೆ ಕಟ್ಟಿ

ದೀಪಾವಳಿಯ ನಂತರ ನಮ್ಮ ಜಿಲ್ಲೆಯ ಊರೂರಲ್ಲಿ ಹೋರಿ ಹಬ್ಬ. ವರ್ಷವೆಲ್ಲ ಮೇಯಿಸಿ ಸಾಕಿದ ಹೋರಿಗೆ ಕೊಬ್ಬರಿ ಸರ ಕಟ್ಟಿ ಓಡಲು ಬಿಡುತ್ತಾರೆ. ಎರಡೂ ಬದಿಯಲ್ಲಿ ನಿಂತ ಹುಡುಗರು ಅದನ್ನು ಹಿಡಿದು ಕೊಬ್ಬರಿ ಹರಿಯಬೇಕು. ಕೈಗೆ ಸಿಗದೆ ದಾಟಿದರೆ ಹೋರಿಯ ಹೆಸರು ಊರ ತುಂಬ. ಸರ ಹರಿದರೆ ಹರಿದವನ ಹೆಸರು. ಅಷ್ಟು ಬಲದ ಪ್ರಾಣಿಯ ಎದುರು ಬರಿಗೈಯವನಿಗೂ ಗೆಲ್ಲುವ ದಾರಿಯೊಂದು ತೆರೆದೇ ಇರುತ್ತದೆ, ಅದೂ ಎಲ್ಲರ ಕಣ್ಣಿಗೆ ಕಾಣುವ ಹಾಗೆ. ಅಮೆರಿಕದ ಪುಸ್ತಕಗಳಲ್ಲಿರುವ ಮಿನೋಟಾರ್ ಎಂಬ ಗೂಳಿತಲೆಯ ಕುಲದ ಎದುರು ನಿಲ್ಲುವವರಿಗೆ ಈ ಅನುಕೂಲ ಸಿಕ್ಕಿಲ್ಲ.

ನಮ್ಮ ಹೋರಿಕುಲವನ್ನು ಹೀಗೆ ಮಾಡಿ. ಬಲಕ್ಕೆ ಮೂರು ಅಂಕ ಧಾರಾಳವಾಗಿ ಕೊಡಿ. ಕೊರಳಿಗೆ ಮೂರು ಸರ ಕೊಬ್ಬರಿ ಕಟ್ಟಿ. ಶತ್ರು ಒಂದು ಸರ ಹರಿದರೆ ಒಂದು ಅಂಕ ಹೋಯಿತು. ಸರ ಬಿಚ್ಚಿಟ್ಟು ಯುದ್ಧಕ್ಕೆ ಹೋಗಬಹುದೇ ಎಂದು ಕೇಳುತ್ತಾರೆ. ಹೋಗಬಹುದು, ಆದರೆ ಸರವಿಲ್ಲದ ಹೋರಿಗೆ ಊರಿನಲ್ಲಿ ಯಾರೂ ಸೀಟಿ ಹೊಡೆಯುವುದಿಲ್ಲ. ಆ ದಿನದ ಮಟ್ಟಿಗೆ ಅದು ಎತ್ತು. ಈ ನಿಯಮ ಓದಿ ಹೇಳಿದ ಮೇಲೆ ಬಿಚ್ಚಿಡುವವರು ಸಿಗುವುದಿಲ್ಲ.

ಹಂತ 4: ಬಿಸಿಲು ಬರಲಿ

2024ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಡ್ರೌ ಎಂಬ ಪಾತಾಳದ ಎಲ್ಫ್‌ಗಳಿಗೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿತ್ತು, ಗುರಿ ತಪ್ಪುತ್ತಿತ್ತು. ದೊಡ್ಡ ಕೊರತೆ ಎನ್ನಿಸುತ್ತದೆ. ಆಟವೆಲ್ಲ ನೆಲಮಾಳಿಗೆಯಲ್ಲೇ ನಡೆದರೆ ಅದು ಕೊರತೆಯೇ ಅಲ್ಲ, ಆ ಕುಲದ ಮಂತ್ರಗಳು ಪುಕ್ಕಟೆ ಸಿಕ್ಕಂತೆ. ಹಾಗೆಂದು ಪುಸ್ತಕ ತಿದ್ದಬೇಡಿ. ಕತೆಯನ್ನು ಎತ್ತಿ ಬ್ಯಾಡಗಿಯ ಆಚೆ, ಮೆಣಸಿನಕಾಯಿ ಒಣಹಾಕಿದ ಬಯಲಿಗೆ ತನ್ನಿ. ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಡ್ರೌ ತಾನಾಗಿಯೇ ಕೊಡೆ ಕೇಳುತ್ತಾನೆ.

ಹುಲ್ಲೆಕುಲಕ್ಕೂ ಇದೇ ಔಷಧ. ಬಯಲಿನಲ್ಲಿ ಕೃಷ್ಣಮೃಗವನ್ನು ಮೀರಿಸಿ ಓಡುವವರು ನಮ್ಮ ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಹುಲ್ಲುಗಾವಲಿನ ಜೀವ. ರಾಣೇಬೆನ್ನೂರಿನ ಅಭಯಾರಣ್ಯದಲ್ಲೂ ಸಾಕಷ್ಟು ಜಾಗದಲ್ಲಿ ನೀಲಗಿರಿ ನೆಟ್ಟಿದ್ದಾರೆ. ಹುಲ್ಲೆಕುಲ ಬಯಲಿನಲ್ಲಿ ದುಪ್ಪಟ್ಟು ಓಡಲಿ, ತೋಪಿನೊಳಗೆ ಎಲ್ಲರಂತೆ ನಡೆಯಲಿ. ಎರಡೂ ಜಾಗ ಪ್ರತಿ ಸಂಜೆಯೂ ಬರುವಂತೆ ನೋಡಿಕೊಳ್ಳುವುದು ಮಾಸ್ತರನ ಕೆಲಸ.

ಹಂತ 5: ಒಂದೇ ಅಳತೆ ಇಟ್ಟುಕೊಳ್ಳಬೇಡಿ

ಇದೊಂದನ್ನು ನಿಧಾನವಾಗಿ ಓದಿ. ಖಾರವೊಂದೇ ಅಳತೆಯಾದರೆ ಬ್ಯಾಡಗಿ ಮೆಣಸಿನಕಾಯಿ ಗುಂಟೂರಿನದರ ಎದುರು ಸಾಲಿನ ಕೊನೆಗೆ ನಿಲ್ಲಬೇಕಾಗುತ್ತಿತ್ತು. ಮಾರುಕಟ್ಟೆ ಬಣ್ಣವನ್ನೂ ಅಳೆಯುತ್ತದೆ, ಆಸ್ಟಾ ಎಂಬ ಮಾನದಲ್ಲಿ. ಆ ಬಣ್ಣವನ್ನು ಓಲಿಯೋರೆಸಿನ್ ಆಗಿ ಹಿಂಡಿ ತೆಗೆಯುತ್ತಾರೆ. ಅದು ಅಡುಗೆಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅಲ್ಲಿ ಗುಂಟೂರು ಹಿಂದೆ. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದರೊಳಗೂ ಗಿಡ್ಡ, ದಪ್ಪ ಡಬ್ಬಿ ಬೇರೆ, ತೆಳ್ಳಗೆ ಉದ್ದ ಕಡ್ಡಿ ಬೇರೆ. ಒಂದೇ ದರಕ್ಕೆ ಎರಡನ್ನೂ ತೂಗಿದರೆ ರೈತ ಚೀಲ ಕಟ್ಟಿಕೊಂಡು ಹೊರಡುತ್ತಾನೆ.

ನಿಮ್ಮ ಆಟದಲ್ಲಿ ಪ್ರತಿ ಸಂಜೆಯೂ ಹೊಡೆದಾಟವೇ ಆದರೆ ಖಾರ ಮಾತ್ರ ಅಳೆಯುವ ಸಂತೆ ತೆರೆದಂತಾಯಿತು. ಹೋರಿಕುಲ ಅಲ್ಲಿ ರಾಜ. ಚೌಕಾಸಿ ಮಾಡುವ, ಸಾಕ್ಷಿ ಹೇಳುವ, ನೀರಿನ ಪಾಳಿ ಹಂಚುವ, ದಾರಿ ತಪ್ಪಿದ ಕುರಿ ಹುಡುಕುವ ಸಂಜೆಗಳೂ ಇರಲಿ. ಅಂಕ ಮುಟ್ಟದೆಯೇ ಅರ್ಧ ಜಗಳ ತೀರುತ್ತದೆ. ನನ್ನ ಪ್ರಕಾರ ಮುಕ್ಕಾಲು.

ಹಂತ 6: ಭವಿಷ್ಯ ಹೇಳುವವರಿಗೆ ವರ್ಷಕ್ಕೆ ಒಂದೇ ಸಾಲು

ಗಂಧರ್ವಕುಲಕ್ಕೆ ಮುಂದಾಗುವುದು ಗೊತ್ತಾಗುವ ಶಕ್ತಿ ಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ, ಅಂದರೆ ಭವಿಷ್ಯವಾಣಿ, ನಡೆಯುವ ಕ್ರಮ ನೋಡಿ. ಗೊರವಯ್ಯ ಬಿಲ್ಲೇರುತ್ತಾನೆ, ಜನ ಉಸಿರು ಬಿಗಿಹಿಡಿಯುತ್ತಾರೆ, ಒಂದು ಸಾಲು. ಅದು ಮಳೆಗೆ ಹೇಳಿದ್ದೋ ಸರ್ಕಾರಕ್ಕೆ ಹೇಳಿದ್ದೋ ಎಂದು ಚಹಾದ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಚರ್ಚೆ. ಗಂಧರ್ವನಿಗೂ ಅಷ್ಟೇ. ಸಾಲು ಮಾಸ್ತರ ಕೊಡಲಿ, ಅರ್ಥ ಆಟಗಾರರು ಮಾಡಿಕೊಳ್ಳಲಿ.

ಹಂತ 7: ಸೆರೆಗೆ ಹಾಕಿ ನೋಡಿ

ಮೇಜಿನ ಮೇಲೆ ತೀರದ ಜಗಳಕ್ಕೆ ಕಾಗಿನೆಲೆಯಲ್ಲಿ ಮದ್ದಿದೆ. ಅಲ್ಲಿನ ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಮೇಲೆಂದು ರಾಮನ ಎದುರೇ ಜಗಳ. ಭತ್ತ ತನ್ನ ಕುಲದ ಹಿರಿಮೆ ಹೇಳಿಕೊಳ್ಳುತ್ತದೆ, ನರೆದಲೆಗ ಎನಿಸಿಕೊಂಡ ರಾಗಿ ಎದುರು ನಿಲ್ಲುತ್ತದೆ. ರಾಮ ವಾದ ಕೇಳುತ್ತ ಕೂರಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ. ಹೊರತೆಗೆದಾಗ ಭತ್ತ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ರಾಮ ತನ್ನದೇ ಹೆಸರು ಕೊಟ್ಟು ಅದನ್ನು ರಾಘವನೆಂದ. ಹೊಸ ಕುಲವೊಂದನ್ನು ಆಟಕ್ಕಿಳಿಸಿ ಪರೀಕ್ಷಿಸುವ ಕ್ರಮ ಇದಕ್ಕಿಂತ ಚೆನ್ನಾಗಿ ಬರೆದದ್ದನ್ನು ನಾನು ಓದಿಲ್ಲ. ಒಂದು ಆಕ್ಷೇಪ ಮಾತ್ರ: ಪರೀಕ್ಷೆ ಕೆಡದೆ ಉಳಿಯುವುದರದ್ದು. ಪಾಯಸದ ಪರೀಕ್ಷೆ ಇಟ್ಟಿದ್ದರೆ ತೀರ್ಪು ಬೇರೆಯಾಗಬಹುದಿತ್ತು. ಹಂತ 5 ನೋಡಿ.

ಡಂಜನ್ಸ್ ಅಂಡ್ ಡ್ರಾಗನ್ಸ್‌ನವರು 2024ರ ಪುಸ್ತಕದಲ್ಲಿ ಬಲ, ಬುದ್ಧಿ, ಚುರುಕಿನ ಹೆಚ್ಚುವರಿ ಅಂಕಗಳನ್ನು ಕುಲದಿಂದ ತೆಗೆದು, ಆ ಪಾತ್ರ ಹಿಂದೆ ಮಾಡಿಕೊಂಡಿದ್ದ ಕಸುಬಿಗೆ, ಬೆಳೆದ ಬಗೆಗೆ ಸೇರಿಸಿದ್ದಾರೆ. ಐವತ್ತು ವರ್ಷ ಹಿಡಿಯಿತು. ಕಾಗಿನೆಲೆಯ ಬಸ್ಸು ಹತ್ತಿದ್ದರೆ ಬೇಗ ಆಗುತ್ತಿತ್ತು.

ದೂರು ಬಂದರೆ

"ಮಾಸ್ತರ್ರೀ, ನನ್ನ ಹೋರಿಗೆ ಬಾಗಿಲದಾಗ ಹೋಗಾಕ ಆಗಂಗಿಲ್ಲ ಅಂದ್ರ ಹೆಂಗ್ರೀ?" ಕೋಡು ಅಡ್ಡ ಬರುತ್ತದೆ ಎಂದು ಮೊದಲೇ ಹೇಳಿದ್ದರೆ ನಿಯಮ ಬದಲಿಸಬೇಡಿ. "ಹೊರಗ ನಿಂತು ಕೂಗೋ ತಮ್ಮಾ, ಒಳಗಿನವರು ಹೆದರ್ತಾರ" ಎನ್ನಿ. ಹೆದರಿಸಲು ದಾಳ ಹಾಕಿಸಿ.

ಇಬ್ಬರೂ ಗಂಧರ್ವರೇ ಆಗಬೇಕೆಂದರೆ: ಆಗಲಿ. ಸಾಲು ಒಂದೇ, ಹಂಚಿಕೊಳ್ಳಲಿ.

ನವಿಲುಕುಲದವನು ಮಳೆ ಬಂದಾಗಲೆಲ್ಲ ಕುಣಿಯುತ್ತೇನೆಂದರೆ: ಪುಸ್ತಕದಲ್ಲಿ ತಡೆಯುವ ನಿಯಮವಿಲ್ಲ.

ಯಾರೂ ಮನುಷ್ಯನಾಗಲು ಒಪ್ಪದಿದ್ದರೆ: ಇದು ಹಳೆಯ ರೋಗ. ಮೂರನೆಯ ಆವೃತ್ತಿ ಮನುಷ್ಯನಿಗೆ ಒಂದು ಹೆಚ್ಚುವರಿ ವಿದ್ಯೆ, ಜೊತೆಗೆ ನಾಲ್ಕಾರು ಕೌಶಲದ ಅಂಕ ಕೊಟ್ಟು ಪುಸಲಾಯಿಸಿತು. ನೀವೂ ಕೊಡಿ. ಆಗಲೂ ಒಪ್ಪದಿದ್ದರೆ ಮಾಸ್ತರನೇ ಆ ಪಾತ್ರ ಹಿಡಿಯಲಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲ ತೂಗಿಸಿ, ದಲಾಲರ ಹತ್ತಿರ ಚೀಟಿ ಬರೆಸಿಕೊಂಡು ಬರಲು ಕೋಡು, ರೆಕ್ಕೆ, ಗೊರಸು ಇಲ್ಲದವನು ಒಬ್ಬನಾದರೂ ಬೇಕು.