ಚಕ್ರಪಾದುಕಾ ಮೀಮಾಂಸೆ: ತಿಕೋಟಾ–ಬಬಲೇಶ್ವರ ಸೀಮೆಯ ಐಷಾರಾಮಿ ಕಾರಿಗೆ ಟೈರು ಆರಿಸುವ ಶಾಸ್ತ್ರ

ಪೀಠಿಕೆ

ಐಷಾರಾಮಿ ಕಾರಿನಲ್ಲಿ ಬಿಡಿಭಾಗಗಳು ಸಾವಿರಾರು. ಅವುಗಳಲ್ಲಿ ವಿಜಯಪುರ ಜಿಲ್ಲೆಯ ನೆಲ ಮುಟ್ಟುವ ಭಾಗ್ಯ ಇರುವುದು ನಾಲ್ಕೇ ಟೈರುಗಳಿಗೆ. ಅವೂ ಒಂದೊಂದು ಅಂಗೈಯಗಲ ಮಾತ್ರ ಮುಟ್ಟುತ್ತವೆ. ಉಳಿದ ಕಾರು, ಅಂದರೆ ತೊಗಲಿನ ಸೀಟು, ತಂಪು ಗಾಳಿ, ಹೆಣ್ಣುದನಿಯಲ್ಲಿ ದಾರಿ ಹೇಳುವ ಪರದೆ, ಇವೆಲ್ಲ ಜರ್ಮನಿಯಲ್ಲೇ ಇರುತ್ತವೆ. ಅವು ಅಥಣಿ ರಸ್ತೆಯ ಮೇಲೆ ತೇಲಿ ಹೋಗುತ್ತವೆಯೇ ಹೊರತು ಅಲ್ಲಿ ವಾಸ ಮಾಡುವುದಿಲ್ಲ. ಆದಕಾರಣ ಜರ್ಮನಿಗೂ ತಿಕೋಟಾಕ್ಕೂ ನಡುವಿನ ಗಡಿರೇಖೆ ನಾಲ್ಕು ಅಂಗೈಯಷ್ಟು ರಬ್ಬರು ಎಂಬುದು ಪ್ರಸ್ತುತ ಪ್ರಬಂಧದ ಪ್ರಮೇಯ. ಕಾರು ಕೊಳ್ಳುವಾಗ ಮನೆಮಂದಿಯೆಲ್ಲ ಬಣ್ಣದ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಟೈರು ಬದಲಿಸುವ ಹೊತ್ತಿಗೆ ‘ಯಾವ್ದರ ಹಾಕ್ರಿ’ ಎನ್ನುವುದು ಶಾಸ್ತ್ರಸಮ್ಮತವಲ್ಲ.

ಅಧ್ಯಯನದ ವ್ಯಾಪ್ತಿ ಇಷ್ಟು: ಪೂರ್ವಕ್ಕೆ ವಿಜಯಪುರದ ಗಾಂಧಿ ಚೌಕ, ಪಶ್ಚಿಮಕ್ಕೆ ತಿಕೋಟಾದ ದ್ರಾಕ್ಷಿ ತೋಟಗಳು, ನೈಋತ್ಯಕ್ಕೆ ಬಬಲೇಶ್ವರ. ಆಕರ ಸಾಮಗ್ರಿ: ಒಣದ್ರಾಕ್ಷಿಗೆ ಚಲೋ ದರ ಸಿಕ್ಕ ವರ್ಷ ಗೌಡರೊಬ್ಬರು ಕೊಂಡ ಬಿಳಿ ಸೆಡಾನ್ ಕಾರು, ಸಂಖ್ಯೆ ಕೆಎ 28ರಿಂದ ಆರಂಭ. ಅದರ ಟೈರುಗಳು ಸವೆದು, ಗ್ರಿಪ್ಪಿನ ಸಾಲುಗಳ ತಳದಲ್ಲಿರುವ ಪುಟ್ಟ ರಬ್ಬರು ದಿಣ್ಣೆಗಳು ಮೇಲ್ಮೈಗೆ ಸಮನಾಗಿವೆ. ಅಂದರೆ ಉಳಿದ ಆಳ 1.6 ಮಿ.ಮೀ. ಇದಕ್ಕಿಂತ ಕಡಿಮೆಯಾದರೆ ಟೈರು ಬೋಳು ಎಂದು ಕಾನೂನೇ ಹೇಳುತ್ತದೆ.

ಪೂರ್ವಸೂರಿಗಳು

ರಬ್ಬರು ಬರುವ ಮೊದಲು ಈ ಸೀಮೆಯ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಇತ್ತು. ಕಮ್ಮಾರ ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಇಕ್ಕಳದಲ್ಲಿ ಎತ್ತಿ ಮರದ ಗಾಲಿಯ ಮೇಲೆ ಕೂಡಿಸಿ ನೀರು ಸುರಿಯುತ್ತಿದ್ದ. ಹೊಗೆ ಏಳುತ್ತಿತ್ತು, ಹಳಿ ಕುಗ್ಗಿ ಕಟ್ಟಿಗೆಯನ್ನು ಕಚ್ಚಿ ಹಿಡಿಯುತ್ತಿತ್ತು. ಬ್ಯಾಲೆನ್ಸಿಂಗ್ ಇಲ್ಲ, ಅಲೈನ್‌ಮೆಂಟ್ ಇಲ್ಲ, ಹವಾ ಇಲ್ಲ, ಪಂಚರ್ ಅಂತೂ ಇಲ್ಲವೇ ಇಲ್ಲ. ಆ ಹಳಿಯ ವೇಗದರ್ಜೆ ಎತ್ತಿನ ಮನಸ್ಸು.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಗುಟ್ಟು ಕಂಡುಕೊಂಡ. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ಥಾಮ್ಸನ್ 1840ರ ದಶಕದಲ್ಲೇ ಹಕ್ಕುಪತ್ರ ಪಡೆದರೂ ಲೋಕ ಮರೆತುಬಿಟ್ಟಿತು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಮಾಡಿದ. ಈ ಡನ್‌ಲಪ್ ವೃತ್ತಿಯಿಂದ ದನದ ಡಾಕ್ಟರು. ಈ ಸಂಗತಿಗೆ ವಿದ್ವಾಂಸರು ಕೊಡಬೇಕಾದಷ್ಟು ಮಹತ್ವ ಕೊಟ್ಟಿಲ್ಲ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿ ವಯಸ್ಸು ಹೇಳುವ ನಮ್ಮ ಹಿರಿಯರು ಟೈರು ಆರಿಸುವುದಕ್ಕೂ ಅರ್ಹರು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಶಾಸನಪಾಠ

ಸ್ಥಳ: ಗೌಡರ ಮನೆಯ ಅಂಗಳ. ಇರುವ ಜಾಗ: ಮುಂದಿನ ಎಡಗಾಲಿ. ಮಾಧ್ಯಮ: ಕಪ್ಪು ರಬ್ಬರು. ಲಿಪಿ: ರೋಮನ್, ಉಬ್ಬು. ಸಾಲು: ಒಂದೇ, ವರ್ತುಲಾಕಾರ, ಆದ್ದರಿಂದ ಎಲ್ಲಿಂದ ಓದಬೇಕೆಂಬುದರಲ್ಲಿ ಒಮ್ಮತವಿಲ್ಲ. ಸ್ಥಿತಿ: ಕೆಲವು ಅಕ್ಷರಗಳು ಸೆಗಣಿಯಿಂದ ತ್ರುಟಿತ, ಓಣಿಯ ನಾಯಿಗೆ ಈ ಶಾಸನದಲ್ಲಿ ವಿಶೇಷ ಆಸಕ್ತಿ.

ಪಾಠ: 225/50 ಆರ್ 17 94 ಡಬ್ಲ್ಯೂ.

ತಾತ್ಪರ್ಯ: ಟೈರಿನ ಅಗಲ 225 ಮಿ.ಮೀ. ಪಕ್ಕದ ಗೋಡೆಯ ಎತ್ತರ ಅದರ ಶೇ 50, ಅಂದರೆ 112.5 ಮಿ.ಮೀ. ‘ಆರ್’ ಎಂದರೆ ರೇಡಿಯಲ್. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕುಪತ್ರ ಪಡೆದ ನೇಯ್ಗೆ. 17 ಎಂಬುದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. 94 ಎಂಬುದು ಭಾರದ ಸಂಕೇತ. ಒಂದು ಟೈರು 670 ಕಿಲೋ ಹೊರಬಲ್ಲದು ಎಂದರ್ಥ. ನಾಲ್ಕಕ್ಕೆ 2680 ಕಿಲೋ. ಹೋಲಿಕೆಗೆಂದು ನಮ್ಮೂರಿನದೇ ಒಂದು ಭಾರ ತೆಗೆದುಕೊಳ್ಳಬಹುದು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ತೂಕ 55 ಟನ್ ಎನ್ನುತ್ತಾರೆ. ಪರಾಂಡಾ ಕೋಟೆಯಿಂದ ಅದನ್ನು 1632ರಲ್ಲಿ ಇಲ್ಲಿಗೆ ಎಳೆದು ತರಲು ನಾನೂರು ಎತ್ತು, ಹತ್ತು ಆನೆ ಬೇಕಾದವು ಎಂಬ ಪ್ರತೀತಿ ಇದೆ. ಆದಿಲ್‌ಶಾಹಿಗೆ ಈ ಟೈರು ಸಿಕ್ಕಿದ್ದರೆ 82ರಲ್ಲಿ ಕೆಲಸ ಆಗುತ್ತಿತ್ತೇ ಎಂದು ಲೆಕ್ಕ ಹಾಕಿದೆವು. 60 ಕಿಲೋ ಕಡಿಮೆ ಬೀಳುತ್ತದೆ. 83 ಬೇಕು, ಮೇಲೊಂದು ಸ್ಟೆಪ್ನಿ.

ಕೊನೆಯ ‘ಡಬ್ಲ್ಯೂ’ ವೇಗದರ್ಜೆ: ಗಂಟೆಗೆ 270 ಕಿ.ಮೀ.ವರೆಗೆ ಟೈರು ತಡೆಯುತ್ತದೆ. ಸೋಲಾಪುರದ ಕಡೆಯ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಸರ್ಕಾರ ಕೊಟ್ಟ ಗರಿಷ್ಠ ಮಿತಿ 100. ಬಾಕಿ 170 ಕಿ.ಮೀ. ಪ್ರತಿಷ್ಠೆಯ ಖಾತೆಗೆ ಜಮಾ. ಹಾಗೆಂದು ಕಾರು ತಯಾರಕರು ಹೇಳಿದ ದರ್ಜೆಗಿಂತ ಕೆಳಗಿನದನ್ನು ಹಾಕಿಸುವುದು ಸಲ್ಲ. ವೇಗ ತಡೆಯುವುದೆಂದರೆ ಕಾವು ತಡೆಯುವುದು, ಮತ್ತು ಕಾವಿನ ವಿಷಯದಲ್ಲಿ ವಿಜಯಪುರ ಜರ್ಮನಿಗೇನೂ ಕಡಿಮೆಯಿಲ್ಲ. ಇದೇ ಕಾರಣಕ್ಕೆ, ಅಮೆರಿಕದ ಪದ್ಧತಿಯಲ್ಲಿ ‘ಎ, ಬಿ, ಸಿ’ ಎಂದು ಉಷ್ಣತೆಯ ದರ್ಜೆ ಬರೆದಿದ್ದರೆ ‘ಎ’ ಇರುವುದನ್ನೇ ಹಿಡಿಯಬೇಕು.

ಕಾಲನಿರ್ಣಯವು ಶಾಸನಶಾಸ್ತ್ರದ ಕಷ್ಟದ ಭಾಗ. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ: 1921. ಗೌಡರ ಭಾವಮೈದುನ ಇದನ್ನು ಕ್ರಿ.ಶ. 1921 ಎಂದು ಓದಿ, ಅಸಹಕಾರ ಚಳವಳಿಯ ಕಾಲದ ಟೈರು ಇಷ್ಟು ದಿನ ಬಾಳಿಕೆ ಬಂತಲ್ಲ ಎಂದು ಬೆರಗಾದರು. ನಿಜವಾದ ಓದು: 2021ನೇ ಇಸವಿಯ 19ನೇ ವಾರ. ಅಂಗಡಿಯ ಅಟ್ಟದ ಮೇಲೆ ಸುಮ್ಮನೆ ಕೂತಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಹತ್ತು ವರ್ಷ ದಾಟಿದ್ದನ್ನು ಗ್ರಿಪ್ ಎಷ್ಟೇ ಇದ್ದರೂ ತೆಗೆಯಿರಿ ಎಂಬುದು ತಯಾರಕರದೇ ಮಾತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹೀಗಾಗಿ ಅಪರೂಪದ ಅಳತೆಯ ವಿಲಾಯತಿ ಮಾಲು ‘ಒಂದ ಜೋಡಿ ಉಳದೈತ್ರಿ’ ಎಂದು ಕೈಗೆ ಬಂದರೆ ಮೊದಲು ಈ ನಾಲ್ಕು ಅಂಕಿ ಓದುವುದು.

ಎಲ್ಲ ಶಾಸನಗಳ ಹಾಗೆ ಇದರ ಕೊನೆಗೂ ಶಾಪಾಶಯವಿದೆ. ಹವಾ ಕಡಿಮೆ ಇಟ್ಟವನಿಗೆ, ಮಿತಿ ಮೀರಿ ಭಾರ ಹೇರಿದವನಿಗೆ ಗಂಭೀರ ಗಾಯವಾದೀತು ಎಂದು ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಪ್ರಸ್ತಾಪ ಮಾತ್ರ ಇಲ್ಲ.

ಋತುವಿಚಾರ

ಸರ್ವಋತು ಟೈರು ಎಂಬ ಕಲ್ಪನೆ ಹುಟ್ಟಿದ್ದು ಚಳಿದೇಶಗಳಲ್ಲಿ. ಅಲ್ಲಿ ಉಷ್ಣಾಂಶ 7 ಡಿಗ್ರಿಗಿಂತ ಇಳಿದರೆ ಬೇಸಿಗೆಯ ಟೈರಿನ ರಬ್ಬರು ಬಿರುಸಾಗಿ ಹಿಡಿತ ಬಿಡುತ್ತದೆ. ಅದಕ್ಕೆ ಕೆಲವರು ವರ್ಷಕ್ಕೆರಡು ಸಲ ಟೈರು ಬದಲಿಸುತ್ತಾರೆ, ಆ ತಾಪತ್ರಯ ಬೇಡದವರು ಎರಡಕ್ಕೂ ನಡುವಿನದೊಂದು ಹಾಕಿಸುತ್ತಾರೆ. ಚಳಿಯಲ್ಲೂ ಮೆತ್ತಗಿರುವ ರಬ್ಬರು, ಗ್ರಿಪ್ಪಿನ ಮೇಲೆ ಹಿಮ ಕಚ್ಚಲು ಕೂದಲೆಳೆಯಂಥ ಸೀಳುಗಳು ಅದರ ಲಕ್ಷಣ.

ವಿಜಯಪುರದ ಋತುಗಳು ಬೇರೆ. ಬಿಸಿಲು, ಕಡು ಬಿಸಿಲು, ಮೋಡ ಬಂದು ಹಾಗೇ ಹೋಗುವ ಕಾಲ, ಹಿಂಗಾರಿ ಬಿತ್ತಿಗೆ, ಜಾತ್ರೆ. ಏಪ್ರಿಲ್–ಮೇದಲ್ಲಿ ನೆರಳಿನಲ್ಲೇ 40 ದಾಟಿದಾಗ ಡಾಂಬರಿನ ಮೇಲಿನ ಕಾವನ್ನು ಕೇಳುವುದೇ ಬೇಡ. ಚಳಿಗಾಲದ ಬೆಳಗಿನ ಜಾವ ಪಾದರಸ 7ರ ಹತ್ತಿರ ಸುಳಿದಾಡುವುದು ಅಪರೂಪ, ಆ ಹೊತ್ತಿಗೆ ಕಾರಿನ ಮಾಲೀಕ ಕಂಬಳಿಯೊಳಗಿರುತ್ತಾನೆ. ಚಳಿಗೆಂದು ಮೆತ್ತಗೆ ಮಾಡಿದ, ಸೀಳು ಸೀಳಾದ ರಬ್ಬರು ಇಲ್ಲಿಯ ಬಿಸಿಲಲ್ಲಿ ನುಲಿದು ಬೇಗ ಸವೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಸರಿಲ್ಲದೆ ಮಾರುವ ಸಾದಾ ಕಾರ್ ಟೈರು ಯುರೋಪಿನ ಲೆಕ್ಕದಲ್ಲಿ ಬಹುಪಾಲು ಬೇಸಿಗೆ ಟೈರೇ. ನಮಗೆ ಸರ್ವಋತುವೆಂದರೆ ಅದೇ.

ಹಿಮಾಧ್ಯಾಯ

ಕೆಲವು ಟೈರುಗಳ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹೂವು: ಹಿಮಕ್ಕೆ ಸಲ್ಲುವ ಟೈರೆಂಬ ಈ ಚಿಹ್ನೆಯ ಉಪಯುಕ್ತತೆ ಬಗ್ಗೆ ಗೋಳಗುಮ್ಮಟದೆದುರು ಐಸ್ ಮಾರುವ ಗಾಡಿಯವರನ್ನು ವಿಚಾರಿಸುವುದು.

ಮತಭೇದಗಳು

ಟೈರಿನಂಗಡಿಯಲ್ಲಿ ಗೌಡರ ಸುತ್ತ ನೆರೆದವರನ್ನು ಸ್ಥೂಲವಾಗಿ ಮೂರು ಪಂಥಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪುಣೆಯಲ್ಲಿ ಓದುತ್ತಿರುವ ಮಗನ ಅಲಂಕಾರ ಪಂಥ. “ಅಪ್ಪಾ, 18 ಇಂಚಿನ ಅಲಾಯ್ ಹಾಕಸೂಣು, ಗಾಡಿ ಲುಕ್ಕ ಬ್ಯಾರೆ ಆಗ್ತೈತಿ.” 225/45 ಆರ್ 18 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಲೋಹ ಬೆಳೆದು ರಬ್ಬರು ಕುಗ್ಗುತ್ತದೆ. ಪಕ್ಕದ ಗೋಡೆ 112.5ರಿಂದ 101.25 ಮಿ.ಮೀ.ಗೆ ಇಳಿಯುತ್ತದೆ. ಹೋದದ್ದು 11 ಮಿ.ಮೀ., ಕಿರುಬೆರಳಿನಷ್ಟು. ಆದರೆ ಊರೂರಿಗೆ ಎದುರಾಗುವ ಹಂಪು, ಕಬ್ಬಿನ ಟ್ರ್ಯಾಕ್ಟರು ಕಿತ್ತ ಗುಂಡಿಯ ಅಂಚು, ಇವುಗಳ ಹೊಡೆತ ರಿಮ್ಮಿಗೆ ತಾಗದಂತೆ ಕಾಯುವುದು ಆ ಕಿರುಬೆರಳೇ. ಅದಿಲ್ಲದಿದ್ದರೆ ಒಳಗಿನ ದಾರಗಳು ಹರಿದು ಟೈರಿನ ಪಕ್ಕಕ್ಕೆ ಬಾವು ಬರುತ್ತದೆ. ಬಾವು ಬಂದ ಟೈರಿಗೆ ಮದ್ದಿಲ್ಲ.

ಎರಡನೆಯದು ಮಾರಾಟ ಪ್ರತಿನಿಧಿಯೊಬ್ಬರ ನಿರ್ವಾತ ಪಂಥ: ಹವಾ ಹೋದರೂ ಓಡುವ ರನ್‌ಫ್ಲಾಟ್ ಟೈರು ಹಾಕಿಸಿರಿ. ಪಂಚರಾದ ಮೇಲೂ ಅದು ಗಂಟೆಗೆ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಓಡುತ್ತದೆ ಎಂಬುದು ಅದರ ಮಹಿಮೆ. ವಿಜಯಪುರದಿಂದ ಸೋಲಾಪುರಕ್ಕೆ ನೂರರ ಆಸುಪಾಸು. ಅಂದರೆ ಅದು ಭೀಮಾ ನದಿ ದಾಟಿಸಿ, ಮಹಾರಾಷ್ಟ್ರಕ್ಕೆ ಒಪ್ಪಿಸಿ, ಅಲ್ಲಿ ಕೈಬಿಡುತ್ತದೆ. ಪಕ್ಕದ ಗೋಡೆ ಗಟ್ಟಿ ಇರುವುದರಿಂದ ಪ್ರತಿ ಹಂಪಿನ ಸುದ್ದಿಯನ್ನೂ ಅದು ನೇರ ಸೊಂಟಕ್ಕೆ ಮುಟ್ಟಿಸುತ್ತದೆ ಎಂಬುದನ್ನು ಪ್ರತಿನಿಧಿ ಹೇಳಲಿಲ್ಲ. ಗೌಡರ ಸೊಂಟ ಹೇಳಿತು.

ಮೂರನೆಯದು ಚಾಚಾನ ಪಂಥ. ಚಾಚಾ ಅಂಗಡಿಯ ಮೇಸ್ತ್ರಿ. ಮಾತು ಕಡಿಮೆ, ಕಿವಿಯಲ್ಲಿ ಬೀಡಿ.

“ಗೌಡ್ರ, ಕಂಪನಿ ಯಾವ್ದರ ಇರ್ಲಿ. ತಾರೀಖ ನೋಡ್ರಿ, ಹವಾ ನೋಡ್ರಿ. ಜಾಲಿ ಮುಳ್ಳಿಗೆ ಜರ್ಮನಿ ಗೊತ್ತೈತೇನ್ರಿ?”

“ರೊಕ್ಕ ಭಾಳ ಆಗ್ತೈತಿ ಚಾಚಾ. ಎರಡು ಹೊಸಾವು ಮುಂದ ಹಾಕು, ಮಂದಿ ನೋಡ್ತಾರ. ಹಿಂದಿನಾವು ಇರ್ಲಿ.”

“ಎರಡ ಹಾಕೂದಿದ್ರ ಹಿಂದ ಹಾಕ್ರಿ. ಮುಂದ ಜಾರಿದ್ರ ಸ್ಟೇರಿಂಗ್ ನಿಮ್ಮ ಕೈಯಾಗ ಇರ್ತೈತಿ. ಮಳ್ಯಾಗ ಹಿಂದ ಜಾರಿದ್ರ ಗಾಡಿ ಗಿರಕಿ ಹೊಡೀತೈತಿ, ಆವಾಗ ಮಂದಿ ಚಂದಂಗ ನೋಡ್ತಾರ.”

ಜಗತ್ತಿನ ದೊಡ್ಡ ಕಂಪನಿಗಳ ಪರೀಕ್ಷಾ ಮೈದಾನಗಳಲ್ಲಿ ಕಂಡುಕೊಂಡದ್ದೂ ಇದೇ. ಸಾರಜನಕ ತುಂಬಿಸಬೇಕೇ ಎಂಬ ಪ್ರಶ್ನೆಗೆ ಚಾಚಾ ಆಕಾಶದ ಕಡೆ ಕೈ ತೋರಿಸಿದ. ಬಿಟ್ಟಿ ಗಾಳಿಯಲ್ಲಿ ಈಗಾಗಲೇ ಶೇ 78 ಸಾರಜನಕವಿದೆ ಎಂದು ಈ ಮೌನವನ್ನು ವ್ಯಾಖ್ಯಾನಿಸಬಹುದು.

ಕಂಟಕಾಧ್ಯಾಯ

ಈ ಸೀಮೆಯ ರಸ್ತೆಯ ಮೇಲೆ ಟೈರಿನ ವೈರಿಗಳು: ಜಾಲಿಯ ಮುಳ್ಳು, ಎತ್ತಿನ ಲಾಳದಿಂದ ಉದುರಿದ ಮೊಳೆ, ದ್ರಾಕ್ಷಿ ಚಪ್ಪರದ ತಂತಿಯ ತುಂಡು. ಎರೆ ಮಣ್ಣಿನ ಹೊಲದ ದಾರಿ ಇನ್ನೊಂದು ಬಗೆ. ಮಳೆ ಬಿದ್ದ ಮೇಲೆ ಆ ಕಪ್ಪು ಕೆಸರು ಗ್ರಿಪ್ಪಿನ ಸಾಲುಗಳಲ್ಲಿ ತುಂಬಿಕೊಂಡು ನಾಲ್ಕೂ ಟೈರನ್ನು ನುಣ್ಣಗೆ ಮಾಡುತ್ತದೆ. ಅಲ್ಲಿ ಟೈರಿನ ಆಯ್ಕೆ ಮುಗಿದು ಟ್ರ್ಯಾಕ್ಟರಿನ ಆಯ್ಕೆ ಶುರುವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದರೆ ಟ್ರ್ಯಾಕ್ಟರಿನ ಟೈರಿನದು 5ಕ್ಕೆ ಇಳಿಯಿತು. ಯಾರು ಯಾರನ್ನು ಎಳೆಯುತ್ತಾರೆಂಬುದು ದೆಹಲಿಗೂ ತಿಳಿದಿರಬೇಕು.

ಸುಗ್ಗಿಯಲ್ಲಿ ರಸ್ತೆಯೇ ಕಣ. ಸಜ್ಜೆ, ತೊಗರಿ, ಜೋಳವನ್ನು ಡಾಂಬರಿನ ಮೇಲೆ ಹರವಿ ರೈತರು ಗಾಡಿಗಾಗಿ ಕಾಯುತ್ತಾರೆ. ಹಿಂದೆ ಮೇಟಿಯ ಸುತ್ತ ಎತ್ತುಗಳ ಹಂತಿ ತಿರುಗುತ್ತಿತ್ತು, ರಾತ್ರಿಯೆಲ್ಲ ಹಂತಿಯ ಹಾಡು ನಡೆಯುತ್ತಿತ್ತು. ಈಗ ಆ ಕೆಲಸವನ್ನು 270ರ ವೇಗದರ್ಜೆಯ ರಬ್ಬರು ಮಾಡಿಕೊಡುತ್ತದೆ, ಹಾಡನ್ನು ಕಾರಿನ ಸ್ಪೀಕರು ಹೇಳುತ್ತದೆ. ಕಂಕಿಯ ಮೇಲೆ ಎಂಥ ಉತ್ತಮ ಟೈರಿಗೂ ಬ್ರೇಕ್ ಹಿಡಿಯುವುದಿಲ್ಲ, ಕಾದ ಸೈಲೆನ್ಸರಿಗೆ ಒಣ ರವದಿ ಸಿಕ್ಕರೆ ಬೆಂಕಿಯೂ ಹೊತ್ತೀತು. ಅಲ್ಲಿ ಮೆಲ್ಲಗೆ ಹೋಗುವುದೇ ಕ್ಷೇಮ. ರೈತರಿಗೂ ಅದೇ ಬೇಕು, ಕಾಳು ಚೆನ್ನಾಗಿ ಉದುರುತ್ತವೆ.

ನಿರ್ಣಯ

ಅದೇ ಅಳತೆ, 17 ಇಂಚು, 94 ಡಬ್ಲ್ಯೂ, ಈ ವರ್ಷದ್ದೇ ವಾರ, ಉಷ್ಣತೆ ‘ಎ’, ನಾಲ್ಕೂ ಹೊಸವು. ರೊಕ್ಕ ಕೊಟ್ಟವರು ಗೌಡತಿ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬಬಲೇಶ್ವರದ ಲಗ್ನಕ್ಕ ಹೊತ್ತಿಗೆ ಸರಿಯಾಗಿ ಮುಟ್ಟತೀವಿಲ್ಲೋ?”

ಅನುಬಂಧ: ಹಳೆಯ ಟೈರುಗಳ ವಿಲೇವಾರಿ

ಮುಂದಿನ ಎಡಗಾಲಿಯದು ಕಣಕಿ ಬಣವೆಯ ತಾಡಪತ್ರಿ ಹಾರದಂತೆ ಮೇಲೆ ಕೂತಿದೆ, ವೇಗ ಸೊನ್ನೆ. ಬಲಗಾಲಿಯದಕ್ಕೆ ಬಿಳಿ ಬಣ್ಣದಲ್ಲಿ ‘ಪಂಚರ್’ ಎಂದು ಬರೆದು ಅಥಣಿ ರಸ್ತೆಯ ಬೇವಿನ ಮರಕ್ಕೆ ತೂಗುಹಾಕಲಾಗಿದೆ. ಮೂರನೆಯದು ಮಕ್ಕಳ ಜೋಕಾಲಿ. ಹೊರುವ ಸಾಮರ್ಥ್ಯ 670 ಕಿಲೋ ಇರುವುದರಿಂದ ಓಣಿಯ ಎಲ್ಲ ಮಕ್ಕಳಿಗೂ ಏಕಕಾಲಕ್ಕೆ ಪ್ರವೇಶ. ನಾಲ್ಕನೆಯದು ಅದೇ ರಾತ್ರಿ ಅಂಗಳದಿಂದ ಕಾಣೆಯಾಯಿತು. ಬಬಲೇಶ್ವರದ ಕಡೆ ಹೊರಟ ಕಬ್ಬಿನ ಟ್ರಾಲಿಯೊಂದರ ಮೇಲೆ ಅಂಥದೇ ಒಂದನ್ನು ಕಂಡವರಿದ್ದಾರೆ. ಆ ದಿಕ್ಕಿನಲ್ಲಿ ಸಂಶೋಧನೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಮುಂದುವರಿದಿದೆ.